ತಪ್ಪು ಹಿಡಿಯದ ಕೇಳುಗ: ಶಾಲೆಗೆ ನಾಯಿ ಬಂದರೆ ಮಗುವಿಗೇನು ಲಾಭ?

ಮಗುವಿನ ಶಾಲಾಚೀಲದಲ್ಲಿ ಒಂದು ಒಪ್ಪಿಗೆ ಪತ್ರ ಬಂದಿದೆ ಎಂದುಕೊಳ್ಳಿ. ಮುಂದಿನ ವಾರದಿಂದ ಶಾಲೆಗೆ ಥೆರಪಿ ನಾಯಿ ಬರುತ್ತದೆ, ನಿಮ್ಮ ಮಗು ಅದರ ಪಕ್ಕ ಕೂತು ಪುಸ್ತಕ ಓದಲು ಸಮ್ಮತಿ ಇದೆಯೇ ಎಂದು ಅದರಲ್ಲಿ ಕೇಳಿದೆ. ಅಮೆರಿಕ, ಬ್ರಿಟನ್‌ಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇಂಥ ಪತ್ರ ಅಪರೂಪವೇನಲ್ಲ. ಭಾರತದಲ್ಲೂ ಈ ಪ್ರಯೋಗ ನಡೆದಿದೆ. ಮುಂಬೈಯ ಅನಿಮಲ್ ಏಂಜಲ್ಸ್ ಫೌಂಡೇಶನ್ ವಿಶೇಷ ಮಕ್ಕಳ ಜೊತೆ ನಾಯಿಗಳನ್ನು ಇಟ್ಟುಕೊಂಡು ಕೆಲಸ ಮಾಡಿದೆ. ಚೆನ್ನೈಯ ಸರಸ್ವತಿ ಕೇಂದ್ರ ಕಲಿಕೆಯಲ್ಲಿ ತೊಡಕಿರುವ ಮಕ್ಕಳಿಗಾಗಿ ಪ್ರಾಣಿದಯಾ ಸಂಸ್ಥೆ ಬ್ಲೂ ಕ್ರಾಸ್‌ನ ‘ಡಾಕ್ಟರ್ ಡಾಗ್’ ನಾಯಿಗಳನ್ನು ಬರಮಾಡಿಕೊಂಡಿದೆ. ಆದರೂ ಪತ್ರ ಓದಿದ ತಂದೆತಾಯಿಯ ಮನಸ್ಸು ಎರಡು ಕಡೆ ಎಳೆಯುತ್ತದೆ. ಬೀದಿನಾಯಿ ಕಚ್ಚಿದ ಸುದ್ದಿ ದಿನವೂ ಓದುವವರಿಗೆ ತರಗತಿಯೊಳಗೆ ನಾಯಿ ಎಂದರೆ ಎದೆ ಝಲ್ಲೆನ್ನುತ್ತದೆ. ಮನೆಯಲ್ಲಿ ನಾಯಿ ಸಾಕಿದವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೊಂದಿಲ್ಲ ಅನ್ನಿಸುತ್ತದೆ. ಹೆದರಿಕೆ, ಅಕ್ಕರೆ ಎರಡನ್ನೂ ಬದಿಗಿಟ್ಟು ನೋಡಿದರೆ ಸಿಗುವ ಉತ್ತರ ಚಿಕ್ಕದು. ನಾಯಿ ಯಾವ ಮಗುವಿಗೂ ಓದು ಕಲಿಸುವುದಿಲ್ಲ. ಓದಿಗೆ ಅಡ್ಡ ಕೂತ ಅಂಜಿಕೆಯನ್ನು ಸ್ವಲ್ಪ ಹೊತ್ತು ಸರಿಸಿಕೊಡುತ್ತದೆ. ಹಾಗೆ ತೆರವಾದ ಜಾಗದಲ್ಲಿ ಕಲಿಸುವ ಕೆಲಸ ದೊಡ್ಡವರದ್ದೇ. ಎಂಥ ಶಾಲೆಗೆ ನಾಯಿ ಬರಬಹುದು, ಎಲ್ಲಿ ಬರಬಾರದು, ಯಾವ ಮಗುವಿಗೆ ಇದು ಸಲ್ಲುತ್ತದೆ ಎಂಬ ಪ್ರಶ್ನೆಗಳನ್ನೆಲ್ಲ ಈ ಒಂದು ಮಾತಿನಿಂದಲೇ ಬಿಡಿಸಿಕೊಳ್ಳಬಹುದು.

ಮೊದಲು, ಯಾವ ನಾಯಿ?

ಹೆಸರುಗಳಲ್ಲೇ ಗೊಂದಲವಿದೆ. ಕಣ್ಣು ಕಾಣದವರಿಗೆ ದಾರಿ ತೋರಿಸುವ, ಅಪಸ್ಮಾರ ಬಂದಾಗ ನೆರವಾಗುವ ನಾಯಿ ‘ಸರ್ವೀಸ್ ಡಾಗ್’. ಅದು ಒಬ್ಬ ವ್ಯಕ್ತಿಯ ಅಂಗವೈಕಲ್ಯಕ್ಕೆಂದು ತರಬೇತಾದದ್ದು. ಅಮೆರಿಕದ ಕಾನೂನಿನಲ್ಲಿ ಅದಕ್ಕೆ ತನ್ನ ಒಡೆಯನ ಜೊತೆ ಸಾರ್ವಜನಿಕ ಸ್ಥಳಗಳಿಗೆ ಹೋಗುವ ಹಕ್ಕಿದೆ. ಥೆರಪಿ ನಾಯಿಯ ಕೆಲಸ ಬೇರೆ. ಅದು ತನ್ನ ಒಡೆಯನ, ಅಂದರೆ ಹ್ಯಾಂಡ್ಲರ್‌ನ ಜೊತೆ ಬಂದು ಅನೇಕ ಮಂದಿಯ ನಡುವೆ ಶಾಂತವಾಗಿ ಇರುತ್ತದೆ, ಹೋಗುತ್ತದೆ. ಶಾಲೆಯೊಳಗೆ ಬರುವ ಹಕ್ಕು ಅದಕ್ಕಿಲ್ಲ. ಶಾಲೆ ಕರೆದರೆ ಮಾತ್ರ ಬರಬೇಕು. ಇಷ್ಟು ಗೊತ್ತಿದ್ದರೆ ‘ಬೇಡ’ ಎನ್ನಲು ಶಾಲೆಗಾಗಲಿ ಪೋಷಕರಿಗಾಗಲಿ ಸಂಕೋಚ ಬೇಕಿಲ್ಲ. ಅಮೆರಿಕದಲ್ಲೂ ಥೆರಪಿ ನಾಯಿಯ ‘ಪ್ರಮಾಣಪತ್ರ’ ಸರ್ಕಾರ ಕೊಡುವಂಥದ್ದಲ್ಲ, ಸ್ವಯಂಸೇವಾ ಸಂಸ್ಥೆಗಳ ನೋಂದಣಿ. ಅವುಗಳಲ್ಲಿ ದೊಡ್ಡದಾದ ಪೆಟ್ ಪಾರ್ಟ್ನರ್ಸ್ ಸಂಸ್ಥೆಯ ನಿಯಮಗಳನ್ನು ನೋಡಿದರೆ ಈ ಕೆಲಸಕ್ಕೆ ಏನು ಬೇಕೆಂಬುದು ತಿಳಿಯುತ್ತದೆ. ನಾಯಿಗೆ ಕನಿಷ್ಠ ಒಂದು ವರ್ಷ ತುಂಬಿರಬೇಕು. ಒಡೆಯನ ಜೊತೆ ಆರು ತಿಂಗಳಾದರೂ ಬಾಳಿರಬೇಕು. ಹಸಿಮಾಂಸ ತಿನ್ನುವ ನಾಯಿಯನ್ನು ಸೇರಿಸಿಕೊಳ್ಳುವುದಿಲ್ಲ, ಏಕೆಂದರೆ ಅದರಿಂದ ರೋಗಾಣು ಹರಡುವ ಭಯವಿದೆ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಎರಡು ವರ್ಷಕ್ಕೊಮ್ಮೆ ನಾಯಿ, ಒಡೆಯ ಇಬ್ಬರೂ ಒಟ್ಟಿಗೆ ಮತ್ತೆ ಪರೀಕ್ಷೆ ಕೊಡಬೇಕು. ಪರೀಕ್ಷೆ ನಾಯಿಯೊಂದಕ್ಕೇ ಅಲ್ಲ, ಜೋಡಿಗೆ ಎಂಬುದನ್ನು ಗಮನಿಸಿ. ನಾಯಿ ಎಷ್ಟು ಸಾಧುವಾದರೂ ಅದರ ಮುಖ ನೋಡಿ ಮನಸ್ಸು ಅರಿಯದ ಒಡೆಯನಿದ್ದರೆ ಆ ಜೋಡಿ ಶಾಲೆಗೆ ತಕ್ಕದ್ದಲ್ಲ.

ತಳಿಯ ಪ್ರಶ್ನೆಯೂ ಇಲ್ಲೇ ಬರುತ್ತದೆ. ಚಿತ್ರಗಳಲ್ಲಿ ಕಾಣುವುದು ಹೆಚ್ಚಾಗಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ಗಳೇ. ಆದರೆ ಈ ಕೆಲಸಕ್ಕೆ ಬೇಕಾದದ್ದು ತಳಿಗಿಂತ ಸ್ವಭಾವ: ಅಪರಿಚಿತರನ್ನು ಕಂಡು ಕುಗ್ಗದಿರುವುದು, ಕುರ್ಚಿ ಬಿದ್ದ ಸದ್ದಿಗೆ ಬೆಚ್ಚದಿರುವುದು, ಮಗು ಎಡವಿ ಮೈಮೇಲೆ ಬಿದ್ದರೂ ತಿರುಗಿ ಬೀಳದಿರುವುದು. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಲ್ಲಿ 2016ರಲ್ಲಿ ಶುರುವಾದ ಕಂಫರ್ಟ್ ಡಾಗ್ ಕಾರ್ಯಕ್ರಮಕ್ಕೆ ಆಶ್ರಯತಾಣಗಳಿಂದ ದತ್ತು ಪಡೆದ ಬೆರಕೆ ನಾಯಿಗಳೂ ಬಂದವು. ಹಾಗಾಗಿ ‘ದುಬಾರಿ ವಿದೇಶಿ ತಳಿ’ ಎಂಬುದು ಅರ್ಹತೆಯಲ್ಲ, ‘ಬೀದಿಯಲ್ಲಿ ಹುಟ್ಟಿದ್ದು’ ಎಂಬುದು ಅನರ್ಹತೆಯೂ ಅಲ್ಲ. ಅದು ಬೆಳೆದ ಬಗೆ, ಪಡೆದ ಲಸಿಕೆ, ದಾಟಿದ ಪರೀಕ್ಷೆ ಇವಷ್ಟೇ ಲೆಕ್ಕಕ್ಕೆ ಬರುತ್ತವೆ.

ಅಂಜಿಕೆ ಇಳಿದಾಗ ಏನಾಗುತ್ತದೆ

ಈ ವಿಚಾರಕ್ಕೆ ಅರವತ್ತು ವರ್ಷ ದಾಟಿದೆ. ಅಮೆರಿಕದ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ತನ್ನ ನಾಯಿ ಜಿಂಗಲ್ಸ್ ಕೋಣೆಯಲ್ಲಿದ್ದಾಗ, ಮಾತೇ ಆಡದ ಮಗು ಮೊದಲು ನಾಯಿಯ ಕಡೆಗೆ, ಆಮೇಲೆ ಅದರ ಮೂಲಕ ತನ್ನ ಕಡೆಗೆ ತಿರುಗುವುದನ್ನು ಗಮನಿಸಿದ. 1962ರಲ್ಲಿ ನಾಯಿಯನ್ನು ‘ಸಹ-ಚಿಕಿತ್ಸಕ’ ಎಂದು ಕರೆದು ಪ್ರಬಂಧ ಬರೆದ. ಚಿಕಿತ್ಸೆ ನಾಯಿಯದ್ದು ಎಂದು ಅವನು ಹೇಳಲಿಲ್ಲ. ಬಾಗಿಲು ತೆರೆಯುವುದು ನಾಯಿ, ಒಳಗೆ ಹೋಗಿ ಕೆಲಸ ಮಾಡುವುದು ಚಿಕಿತ್ಸಕ ಎಂಬುದು ಅವನ ಅನುಭವವಾಗಿತ್ತು. ಶಾಲೆಯ ಓದಿಗೆ ಈ ತಿಳಿವು ಹೊಂದಿಕೊಂಡದ್ದು 1999ರಲ್ಲಿ. ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಇಂಟರ್‌ಮೌಂಟನ್ ಥೆರಪಿ ಅನಿಮಲ್ಸ್ ಎಂಬ ಸಂಸ್ಥೆ ‘ರೀಡ್’ ಕಾರ್ಯಕ್ರಮ ಆರಂಭಿಸಿತು. ಓದಲು ತಡವರಿಸುವ ಮಗು ವಾರಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಒಂದು ನಾಯಿಗೆ ಕತೆ ಓದಿ ಹೇಳುವುದು, ಇಷ್ಟೇ ಅದರ ವಿಧಾನ. ಇಂದು ಬೇರೆ ಬೇರೆ ದೇಶಗಳ ಶಾಲೆ, ಗ್ರಂಥಾಲಯಗಳಲ್ಲಿ ನಡೆಯುವ ಇಂಥ ಹಲವು ಕಾರ್ಯಕ್ರಮಗಳಿಗೆ ಇದೇ ಮಾದರಿ.

ಕೇಳಲು ಇದು ಮಕ್ಕಳಾಟದಂತಿದೆ. ಆದರೆ ಗಟ್ಟಿಯಾಗಿ ಓದುವುದು ಎಂಥ ಕಷ್ಟ ಎಂಬುದನ್ನು ನೆನೆದರೆ ಆಟದೊಳಗಿನ ತರ್ಕ ಕಾಣುತ್ತದೆ. ತರಗತಿಯಲ್ಲಿ ಎದ್ದು ನಿಂತ ಮಗು ಒಂದು ಒತ್ತಕ್ಷರದ ಬಳಿ ತಡವರಿಸಿದರೆ ಹಿಂದಿನ ಬೆಂಚಿನಿಂದ ನಗು ಬರುತ್ತದೆ, ಮುಂದಿನಿಂದ ತಿದ್ದುಪಡಿ ಬರುತ್ತದೆ. ಎರಡರ ನಡುವೆ ಮಗುವಿನ ಗಮನ ಪುಟವನ್ನು ಬಿಟ್ಟು ತನ್ನ ಮಾನದ ಕಡೆ ಓಡುತ್ತದೆ. ತಪ್ಪಾಗಬಾರದೆಂಬ ಚಿಂತೆಯೇ ತಪ್ಪಿಗೆ ಕಾರಣವಾಗುತ್ತದೆ. ತಪ್ಪಿನ ಹೆದರಿಕೆಯಿಂದ ಓದು ಕಡಿಮೆಯಾಗಿ, ಓದು ಕಡಿಮೆಯಾದದ್ದರಿಂದ ತಪ್ಪು ಹೆಚ್ಚಾಗುತ್ತದೆ. ನಾಯಿ ಈ ಸುತ್ತನ್ನು ಒಂದು ಕಡೆ ಕತ್ತರಿಸುತ್ತದೆ. ಅದು ನಗುವುದಿಲ್ಲ, ತಿದ್ದುವುದಿಲ್ಲ, ಗಡಿಯಾರ ನೋಡುವುದಿಲ್ಲ. ಅನುಭವವಿರುವ ಹ್ಯಾಂಡ್ಲರ್‌ಗಳು ಇದರ ಮೇಲೆ ಇನ್ನೊಂದು ಜಾಣ ಹೆಜ್ಜೆ ಇಡುತ್ತಾರೆ. ಮಗು ಒಂದು ಪದದಲ್ಲಿ ಸಿಕ್ಕಿಬಿದ್ದರೆ ‘ತಪ್ಪು’ ಎನ್ನದೆ, ‘ಇವನಿಗೆ ಈ ಪದದ ಅರ್ಥ ಗೊತ್ತಿಲ್ಲವಂತೆ, ನೀನು ಹೇಳಿಕೊಡುತ್ತೀಯಾ?’ ಎಂದು ನಾಯಿಯ ಪರವಾಗಿ ಕೇಳುತ್ತಾರೆ. ತರಗತಿಯಲ್ಲಿ ಕೊನೆಯಲ್ಲಿದ್ದ ಮಗು ಆ ಕ್ಷಣಕ್ಕೆ ಮೇಷ್ಟ್ರಾಗುತ್ತದೆ. ಕಲಿಸುವವನ ಜಾಗದಲ್ಲಿ ಕೂತವನಿಗೆ ಕಲಿಯುವ ಹಟ ತಾನೇ ಬರುತ್ತದೆ.

ಅಂಜಿಕೆ ಇಳಿಯುತ್ತದೆ ಎಂಬುದು ಬರೀ ಊಹೆಯಲ್ಲ, ಅಳೆದು ನೋಡಿದ್ದು. ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 9ರಿಂದ 16 ವರ್ಷದ 38 ಮಕ್ಕಳ ರಕ್ತದೊತ್ತಡ ಅಳೆದರು. ಕೋಣೆಯಲ್ಲಿ ಸಾಧು ನಾಯಿಯೊಂದು ಇದ್ದಾಗ, ಮಕ್ಕಳು ಸುಮ್ಮನೆ ಕೂತಿದ್ದಾಗಲೂ ಗಟ್ಟಿಯಾಗಿ ಓದುತ್ತಿದ್ದಾಗಲೂ ಒತ್ತಡ ಕಡಿಮೆಯಿತ್ತು. ಜರ್ಮನಿಯ ಆಂಡ್ರಿಯಾ ಬೀಟ್ಸ್ ಮತ್ತು ಸಂಗಡಿಗರು ದೊಡ್ಡವರ ಮೇಲೆ ನಂಬಿಕೆ ಬಲಿಯದ ಹುಡುಗರಿಗೆ ಅಪರಿಚಿತರೆದುರು ಕತೆ ಹೇಳುವ, ಲೆಕ್ಕ ಮಾಡುವ ಪರೀಕ್ಷೆ ಕೊಟ್ಟರು. ಪಕ್ಕದಲ್ಲಿ ಕೆಲವರಿಗೆ ನಿಜವಾದ ನಾಯಿ, ಕೆಲವರಿಗೆ ಆಟಿಕೆ ನಾಯಿ, ಕೆಲವರಿಗೆ ಸ್ನೇಹದಿಂದ ಮಾತನಾಡುವ ಹಿರಿಯರು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ನಿಜವಾದ ನಾಯಿಯ ಜೊತೆ ಇದ್ದವರಲ್ಲಿ ಕಡಿಮೆ ಇತ್ತು. ನಾಯಿಯ ಮೈ ಹೆಚ್ಚು ಸವರಿದವರಲ್ಲಿ ಇನ್ನೂ ಕಡಿಮೆ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಶಾಲೆಯೊಳಗೆ ನಡೆಸಿತು. ಎಂಟರಿಂದ ಹತ್ತು ವರ್ಷದ ಮಕ್ಕಳು ನಾಲ್ಕು ವಾರ, ವಾರಕ್ಕೆ ಎರಡು ಸಲ, ಇಪ್ಪತ್ತು ನಿಮಿಷ ನಾಯಿಯ ಜೊತೆ ಕಳೆದರು. ಸಾಮಾನ್ಯ ಶಾಲೆಗಳಲ್ಲಿ ನಾಯಿಯ ಜೊತೆಯಿಲ್ಲದ ಮಕ್ಕಳ ಕಾರ್ಟಿಸಾಲ್ ಶಾಲಾ ಅವಧಿ ಸಾಗಿದಂತೆ ಏರಿದರೆ, ನಾಯಿ ಬಂದ ಗುಂಪಿನಲ್ಲಿ ಕೆಳಮಟ್ಟದಲ್ಲೇ ಇತ್ತು.

ಅಂಕಿಗಳು ಎಷ್ಟು ಹೇಳುತ್ತವೆ, ಎಷ್ಟು ಹೇಳುವುದಿಲ್ಲ

ಇಲ್ಲೇ ತುಸು ನಿಲ್ಲಬೇಕು. ಒತ್ತಡ ಇಳಿಯಿತು ಎಂದ ಮಾತ್ರಕ್ಕೆ ಓದು ಬಂತು ಎಂದಾಗುವುದಿಲ್ಲ. ಸೋಫಿ ಹಾಲ್, ನ್ಯಾನ್ಸಿ ಗೀ, ಡೇನಿಯಲ್ ಮಿಲ್ಸ್ ಅವರು 2016ರಲ್ಲಿ ‘ನಾಯಿಗೆ ಓದುವ ಮಕ್ಕಳು’ ಕುರಿತ 48 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಹೆಚ್ಚಿನವು ಒಳ್ಳೆಯ ಫಲಿತಾಂಶವನ್ನೇ ಹೇಳಿದ್ದವು, ಆದರೆ ಹೆಚ್ಚಿನವುಗಳ ಪುರಾವೆಯ ಗುಣಮಟ್ಟ ಕೆಳಗಿತ್ತು. ಬೆರಳೆಣಿಕೆಯ ಮಕ್ಕಳು, ಹೋಲಿಸಿ ನೋಡಲು ಇನ್ನೊಂದು ಗುಂಪಿಲ್ಲ ಎಂಬಂಥ ಕುಂದುಗಳು. ಗಟ್ಟಿಯಾಗಿ ನಡೆಸಿದ ಪ್ರಯೋಗಗಳಲ್ಲೂ ಫಲ ಒಂದೇ ತೆರನಾಗಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಮೂರನೆಯ ತರಗತಿಯ 102 ಹಿಂದುಳಿದ ಓದುಗರನ್ನು ನಾಲ್ಕು ಗುಂಪು ಮಾಡಿ, ಒಂದು ಗುಂಪು ನಾಯಿಗೆ, ಒಂದು ಹಿರಿಯರಿಗೆ, ಒಂದು ಟೆಡ್ಡಿ ಬೊಂಬೆಗೆ ಓದುವಂತೆ ಮಾಡಿ, ನಾಲ್ಕನೆಯದನ್ನು ಹಾಗೇ ಬಿಟ್ಟರು. ಹತ್ತು ವಾರದ ನಂತರ ಓದಿದ್ದನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ನಾಯಿಗೆ ಓದಿದ ಗುಂಪು ಉಳಿದ ಮೂರಕ್ಕಿಂತ ಮುಂದಿತ್ತು ಎಂದು 2014ರ ವರದಿ ಹೇಳಿತು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ಎರಡನೆಯ ತರಗತಿಯ 28 ಮಕ್ಕಳ ಜೊತೆ ಆರು ವಾರ ನಡೆಸಿದ ಪ್ರಯೋಗದಲ್ಲಾದರೋ ಓದುವ ಕೌಶಲದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬದಲಾದದ್ದು ಶಾಲೆಯ ಓದಿನ ಬಗೆಗಿನ ಮನೋಭಾವ.

ಎರಡು ಫಲಿತಾಂಶಗಳು ಒಂದನ್ನೊಂದು ಸುಳ್ಳು ಮಾಡುತ್ತವೆ ಎಂದು ಅವಸರಪಡಬೇಕಿಲ್ಲ. ನಾಯಿಯ ಕೆಲಸ ಅಂಜಿಕೆ ಸರಿಸುವುದು ಎಂದಾದರೆ ಮೊದಲು ಬದಲಾಗಬೇಕಾದದ್ದು ಮನೋಭಾವವೇ. ಅಂಕ ಏರುವುದು ಆಮೇಲಿನ ಮಾತು, ಅದೂ ಹೆಚ್ಚಿದ ಓದು ಸರಿಯಾದ ಕಲಿಸುವಿಕೆಯ ಜೊತೆ ಸೇರಿದರೆ. ಕೆನಡಾದಲ್ಲಿ ಒಂದರಿಂದ ಮೂರನೆಯ ತರಗತಿಯ 17 ಮಕ್ಕಳನ್ನು ಗಮನಿಸಿದ ಪುಟ್ಟ ಅಧ್ಯಯನವೊಂದು ಈ ಕೊಂಡಿಯನ್ನು ತೋರಿಸುತ್ತದೆ. ತಮ್ಮ ಮಟ್ಟಕ್ಕಿಂತ ತುಸು ಕಷ್ಟದ ಪುಟ ಕೊಟ್ಟಾಗ, ನಾಯಿ ಪಕ್ಕದಲ್ಲಿದ್ದರೆ ಮಕ್ಕಳು ಹೆಚ್ಚು ಹೊತ್ತು ಓದಿದರು, ಬೇಗ ಕೈಚೆಲ್ಲಲಿಲ್ಲ. ಹಾಗಾಗಿ ‘ನಾಯಿ ಬಂದರೆ ಮಗುವಿನ ಅಂಕ ಇಷ್ಟು ಏರುತ್ತದೆ’ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ‘ಓದಲು ಕೂರದ ಮಗು ಕೂರಬಹುದು, ಬಿಟ್ಟೇಳುವ ಮಗು ಇನ್ನೆರಡು ಪುಟ ಮುಂದೆ ಹೋಗಬಹುದು’ ಎಂದರೆ ಆ ಮಾತಿಗೆ ಆಧಾರವಿದೆ. ಅಕ್ಷರ ಮತ್ತು ಧ್ವನಿಯ ನಂಟನ್ನೇ ಹಿಡಿಯಲಾಗದ ಡಿಸ್ಲೆಕ್ಸಿಯಾದಂಥ ತೊಡಕಿದ್ದರೆ, ಅದಕ್ಕೆ ತಜ್ಞರ ಕ್ರಮಬದ್ಧ ಪಾಠವೇ ಮದ್ದು. ನಾಯಿ ಆ ಪಾಠದ ಪಕ್ಕದಲ್ಲಿರಬಹುದು, ಅದರ ಬದಲಿಗಲ್ಲ.

ಒಡನಾಟ ಕಲಿಯುವ ಬಗೆ

ಓದಿಗಿಂತ ಸಾಮಾಜಿಕ ನಡವಳಿಕೆಯಲ್ಲಿ ನಾಯಿಯ ಪ್ರಭಾವ ಬೇಗ ಕಣ್ಣಿಗೆ ಬೀಳುತ್ತದೆ. ವಿಯೆನ್ನಾದ ಒಂದು ಪ್ರಾಥಮಿಕ ಶಾಲೆಯ ಒಂದನೆಯ ತರಗತಿಯಲ್ಲಿ 24 ಮಕ್ಕಳಿದ್ದರು, ಹೆಚ್ಚಿನವರು ವಲಸೆ ಬಂದ ಕುಟುಂಬದವರು. ಅಲ್ಲಿಗೆ ನಾಯಿ ಬಂದ ನಂತರ ಏನಾಯಿತೆಂದು ಕುರ್ಟ್ ಕೋಟ್ರಶಾಲ್ ಮತ್ತು ಬ್ರಿಟಾ ಓರ್ಟ್‌ಬಾವರ್ 2003ರಲ್ಲಿ ಬರೆದರು. ಮೇಲೆ ಬೀಳುವ ಮಕ್ಕಳ ಹಾರಾಟ ತಗ್ಗಿತು, ಮೂಲೆ ಹಿಡಿದ ಮಕ್ಕಳು ಗುಂಪಿನೊಳಗೆ ಬಂದರು, ಶಿಕ್ಷಕಿಯ ಕಡೆಗಿನ ಗಮನ ಹೆಚ್ಚಿತು. ನಾಯಿ ಇದ್ದರೆ ಮಕ್ಕಳ ಗಮನ ಚೆದುರುತ್ತದೆ ಎಂದು ನಾವೆಲ್ಲ ಎಣಿಸುವುದಕ್ಕೆ ಇದು ತಿರುಗುಮುರುಗು. ಆಟಿಸಂ ವರ್ಗಕ್ಕೆ ಸೇರಿದ ಹತ್ತು ಮಕ್ಕಳಿಗೆ ಚೆಂಡು, ಬೊಂಬೆ ನಾಯಿ, ನಿಜವಾದ ನಾಯಿ ಮೂರನ್ನೂ ಕೊಟ್ಟು ನೋಡಿದ 2002ರ ಅಮೆರಿಕದ ಅಧ್ಯಯನದಲ್ಲಿ, ನಿಜವಾದ ನಾಯಿಯ ಜೊತೆ ಮಕ್ಕಳು ಹೆಚ್ಚು ಲವಲವಿಕೆಯಿಂದಿದ್ದರು, ಸುತ್ತಲಿನವರ ಮೇಲೂ ಹೆಚ್ಚು ಗಮನವಿಟ್ಟರು. ಇವೂ ಪುಟ್ಟ ಅಧ್ಯಯನಗಳೇ. ಎಲ್ಲ ಮಕ್ಕಳಿಗೂ ಅನ್ವಯಿಸುವ ನಿಯಮ ಇವುಗಳಿಂದ ಹೊರಡದು. ಆಟಿಸಂ ಇರುವ ಕೆಲವು ಮಕ್ಕಳಿಗೆ ನಾಯಿಯ ವಾಸನೆ, ಹಠಾತ್ ಬೊಗಳುವ ಸದ್ದು ಸಹಿಸಲಾಗದ ಹಿಂಸೆಯಾಗುವುದೂ ಉಂಟು.

ಇದು ಏಕೆ ಹೀಗೆ ಎಂಬುದರಲ್ಲಿ ಶಿಕ್ಷಕರಿಗೆ ಬೇಕಾದ ಸುಳಿವಿದೆ. ನಾಯಿಯ ಜೊತೆ ಬಾಳುವ ನಿಯಮಗಳೆಲ್ಲ ಮನುಷ್ಯರ ಜೊತೆ ಬಾಳುವ ನಿಯಮಗಳೇ. ಮುಟ್ಟುವ ಮೊದಲು ಕೇಳಬೇಕು. ಒಬ್ಬರಾದ ಮೇಲೆ ಒಬ್ಬರು ಹೋಗಬೇಕು. ಕಿರುಚಿದರೆ ಅದು ದೂರ ಸರಿಯುತ್ತದೆ, ಮೆಲ್ಲಗೆ ಮಾತನಾಡಿದರೆ ಹತ್ತಿರ ಬರುತ್ತದೆ. ಅದು ಮುಖ ತಿರುಗಿಸಿದರೆ ‘ಈಗ ಸಾಕು’ ಎಂದರ್ಥ. ದೊಡ್ಡವರು ನೂರು ಸಲ ಉಪದೇಶಿಸಿದರೂ ನಾಟದ ಈ ಪಾಠಗಳಿಗೆ ನಾಯಿ ಕೂಡಲೇ ಉತ್ತರ ಕೊಡುತ್ತದೆ, ಸಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ. ಆದರೆ ಈ ಪಾಠ ತಾನಾಗಿ ಆಗುವುದಿಲ್ಲ. ‘ನಾಯಿ ಯಾಕೆ ಹಿಂದೆ ಸರಿಯಿತು? ನಿನ್ನ ಪಕ್ಕದವನೂ ಹೀಗೇ ಸರಿದಾಗ ಅವನಿಗೆ ಏನನ್ನಿಸಿರಬಹುದು?’ ಎಂದು ಶಿಕ್ಷಕರು ಕೇಳಿದಾಗ ಮಾತ್ರ ಅದು ನಾಯಿಯಿಂದ ಗೆಳೆಯನ ಕಡೆಗೆ ದಾಟುತ್ತದೆ. ಕೇಳುವವರಿಲ್ಲದಿದ್ದರೆ ಉಳಿಯುವುದು ನಾಯಿಯ ಜೊತೆ ಕಳೆದ ಖುಷಿಯ ಅರ್ಧ ಗಂಟೆ ಮಾತ್ರ.

ಆಕ್ಷೇಪಗಳಿಗೆ ಉತ್ತರ

ಮೊದಲ ಆಕ್ಷೇಪ ಭಯದ್ದು. ಅದನ್ನು ಹಗುರವಾಗಿ ನೋಡಬಾರದು. ಮನುಷ್ಯರಿಗೆ ತಗಲುವ ರೇಬಿಸ್‌ನಲ್ಲಿ ನೂರಕ್ಕೆ 99ರವರೆಗೆ ನಾಯಿಗಳಿಂದಲೇ ಬರುತ್ತದೆ, ರೇಬಿಸ್ ಶಂಕೆಯ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುವುದು ಇಲ್ಲವೆಂದೇ ಹೇಳಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಗಳಿಗೆ ಸಾಗಿಸುವಂತೆ ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿದ್ದರ ಹಿನ್ನೆಲೆಯೂ ಈ ಭಯವೇ. ಹಾಗಿರುವಾಗ ಒಂದು ಬಾಗಿಲಿನಿಂದ ನಾಯಿಯನ್ನು ಹೊರಹಾಕಿ ಇನ್ನೊಂದರಿಂದ ಒಳಗೆ ಕರೆಯುವುದು ವಿರೋಧಾಭಾಸವಲ್ಲವೇ? ಅಲ್ಲ, ಎರಡೂ ಒಂದೇ ಎಚ್ಚರದ ಎರಡು ಮುಖ. ಲಸಿಕೆ, ಸ್ವಭಾವ, ಒಡೆಯ ಯಾವುದೂ ಗೊತ್ತಿಲ್ಲದ ನಾಯಿಯನ್ನು ಮಕ್ಕಳಿಂದ ದೂರವಿಡಬೇಕು. ಎಲ್ಲವೂ ಕಾಗದದಲ್ಲಿ ಇರುವ, ಸದಾ ಬೆಲ್ಟ್ ಹಿಡಿದ ಒಡೆಯನಿರುವ ನಾಯಿಯನ್ನು ಮಾತ್ರ ಹತ್ತಿರ ಬಿಡಬೇಕು. ಆದರೆ ಇದರಲ್ಲಿ ಒಂದು ಅಪಾಯ ಅಡಗಿದೆ. ಶಾಲೆಯ ಸಾಧು ನಾಯಿಯನ್ನು ಅಪ್ಪಿ ಅಭ್ಯಾಸವಾದ ಮಗು ಸಂಜೆ ಬೀದಿಯ ನಾಯಿಯನ್ನೂ ಅಪ್ಪಲು ಹೋಗಬಹುದು. ಪುಟ್ಟ ಮಕ್ಕಳು ಹಲ್ಲು ಕಿರಿದ ನಾಯಿಯನ್ನು ‘ನಗುತ್ತಿದೆ’ ಎಂದು ಓದಿಕೊಳ್ಳುತ್ತಾರೆ ಎಂಬುದನ್ನು ಲಿಂಕನ್ನಿನ ಸಂಶೋಧಕರೇ ತೋರಿಸಿದ್ದಾರೆ. ಆದ್ದರಿಂದ ನಮ್ಮ ಶಾಲೆಗಳಲ್ಲಿ ಸುರಕ್ಷತೆಯ ಪಾಠವಿಲ್ಲದೆ ಥೆರಪಿ ನಾಯಿಯ ಕಾರ್ಯಕ್ರಮ ಶುರುವಾಗಲೇ ಬಾರದು. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ಮನುಷ್ಯರ ವಿಷಯಕ್ಕಷ್ಟೇ ಇಟ್ಟುಕೊಳ್ಳೋಣ. ನಾಯಿಯ ವಿಷಯದಲ್ಲಿ ಅದನ್ನು ನಂಬಿದರೆ ಕಚ್ಚಿಸಿಕೊಳ್ಳಬೇಕಾದೀತು. ಯಾವ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಮನೆಯಲ್ಲಿ ಮುಚ್ಚಿಡಬಾರದು ಎಂಬುದು ಪ್ರತಿ ಮಗುವಿಗೂ ಬಾಯಿಪಾಠವಾಗಿರಬೇಕು.

ಎರಡನೆಯದು ಅಲರ್ಜಿ, ಶುಚಿ ಮತ್ತು ಧರ್ಮದ ಆಕ್ಷೇಪ. ‘ಅಲರ್ಜಿ ತರದ ತಳಿ’ ಎಂದು ಕೆಲವು ನಾಯಿಗಳನ್ನು ಮಾರುತ್ತಾರೆ. ನೆದರ್ಲೆಂಡ್ಸ್‌ನಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ತಳಿಗಳ ಕೂದಲಲ್ಲೂ ಅಲರ್ಜಿಕಾರಕ ಕಡಿಮೆಯೇನೂ ಇರಲಿಲ್ಲ. ಆದ್ದರಿಂದ ತಳಿಯನ್ನು ನೆಚ್ಚದೆ ಪ್ರತ್ಯೇಕ ಕೋಣೆ, ಗಾಳಿ, ಕೈ ತೊಳೆಯುವ ಶಿಸ್ತು ಇವನ್ನು ನೆಚ್ಚಬೇಕು. ಆಸ್ತಮಾ ಇರುವ ಮಗುವಿನ ತರಗತಿಗೇ ನಾಯಿಯನ್ನು ತರಬಾರದು. ಅನೇಕ ಮುಸ್ಲಿಂ ಕುಟುಂಬಗಳು ನಾಯಿಯ ಜೊಲ್ಲನ್ನು ಅಶುದ್ಧವೆಂದು ಪಾಲಿಸುತ್ತವೆ. ಬೇರೆ ಮನೆಗಳಲ್ಲೂ ಮಡಿಯ ಕಾರಣಕ್ಕೆ ನಾಯಿಯನ್ನು ಮುಟ್ಟದವರಿದ್ದಾರೆ. ಇವರನ್ನು ಒಪ್ಪಿಸಲು ಹೊರಡುವುದು ಶಾಲೆಯ ಕೆಲಸವಲ್ಲ. ‘ಬೇಡ’ ಎಂದ ಮಗುವಿಗೆ ಅದೇ ಹೊತ್ತಿನಲ್ಲಿ ಅಷ್ಟೇ ಅಕ್ಕರೆಯ ಇನ್ನೊಂದು ಓದಿನ ಮೂಲೆ ಇರಬೇಕು. ಅಂಜಿಕೆ ಕಳೆಯಲೆಂದು ಹುಟ್ಟಿದ ಕಾರ್ಯಕ್ರಮ ಕೆಲವು ಮಕ್ಕಳನ್ನು ಹೊರಗೆ ನಿಲ್ಲಿಸಿ ಅವಮಾನಿಸಿದರೆ ತನ್ನ ಉದ್ದೇಶಕ್ಕೇ ದ್ರೋಹ ಬಗೆದಂತೆ.

‘ಇದೆಲ್ಲ ಪಾಶ್ಚಾತ್ಯರ ಚಾಳಿ, ನಮ್ಮಲ್ಲಿ ನಾಯಿಯ ಜಾಗ ಅಂಗಳದಲ್ಲಿ’ ಎನ್ನುವವರೂ ಇದ್ದಾರೆ. ಆದರೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲೇ, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಮಣಲೇರ ಎಂಬ ಯೋಧ ಕಲ್ಲು ನಿಲ್ಲಿಸಿದ್ದ. ಆ ಶಾಸನ ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ನಂಟು ನಮಗೆ ಹೊರಗಿನಿಂದ ಬಂದದ್ದಲ್ಲ. ಹೊರಗಿನಿಂದ ಬಂದದ್ದು ಅದನ್ನು ಶಿಸ್ತಿನಿಂದ ಶಾಲೆಗೆ ತರುವ ಪದ್ಧತಿ, ಅದನ್ನು ಪರೀಕ್ಷಿಸಿ ತೆಗೆದುಕೊಳ್ಳಲು ಅಡ್ಡಿಯೇನು?

ಹೆಚ್ಚು ತೂಕದ ಆಕ್ಷೇಪ ಹಣದ್ದು. ಮಕ್ಕಳ ಕಲಿಕೆಯ ಮಟ್ಟ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯ ಪ್ರಕಾರ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಠ್ಯ ಓದಬಲ್ಲವರು ನೂರಕ್ಕೆ 23.4 ಮಾತ್ರ. ಶಿಕ್ಷಕರೇ ಸಾಲದ, ಕತೆಪುಸ್ತಕವೇ ಇಲ್ಲದ ಶಾಲೆಗೆ ನಾಯಿ ಬೇಕೇ? ಈ ಪ್ರಶ್ನೆಗೆ ನೇರ ಉತ್ತರ: ಬೇಡ. ಅಲ್ಲಿ ಮೊದಲು ಶಿಕ್ಷಕರು ಬರಲಿ, ಪುಸ್ತಕ ಬರಲಿ. ನಾಯಿ ಅಂಜಿಕೆಯನ್ನು ಸರಿಸುತ್ತದೆಯೇ ಹೊರತು ಕೊರತೆಯನ್ನಲ್ಲ. ಕಲಿಸುವ ಏರ್ಪಾಡು ಗಟ್ಟಿಯಾಗಿದ್ದೂ ಕೆಲವು ಮಕ್ಕಳು ಬಾಯಿ ಬಿಡದಿರುವಲ್ಲಿ ಮಾತ್ರ ಅದರ ಖರ್ಚು, ಶ್ರಮ ಸಾರ್ಥಕ.

ಕೊನೆಯದು ನಾಯಿಯ ಪರವಾದ ಆಕ್ಷೇಪ. ಅದಕ್ಕೆ ತಾನೇ ಹೇಳಲು ಬಾರದು. ಮೂವತ್ತು ಕೈಗಳು ಒಮ್ಮೆಗೇ ಮೈಮೇಲೆ ಬಂದರೆ ಯಾವ ಜೀವಕ್ಕೂ ಹಿತವಾಗದು. ನಿದ್ದೆ ಬರದಿದ್ದರೂ ಆಕಳಿಸುವುದು, ಮತ್ತೆ ಮತ್ತೆ ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರುವುದು, ಬಾಲ ಕಾಲ ಸಂದಿಗೆ ಎಳೆದುಕೊಳ್ಳುವುದು ಇವೆಲ್ಲ ‘ನನಗೆ ಸಾಕಾಗಿದೆ’ ಎಂಬ ಅದರ ಮಾತು. ಅದನ್ನು ಕೇಳಿಸಿಕೊಳ್ಳದಿದ್ದರೆ ಮುಂದಿನ ಮಾತು ಗುರುಗುಟ್ಟುವುದು, ಅದರ ಮುಂದಿನದು ಕಚ್ಚುವುದು. ಹೀಗಾಗಿ ನಾಯಿಯ ಹಿತ ನೋಡುವುದು ಬೇರೆ ಧರ್ಮಕಾರ್ಯವೇನಲ್ಲ, ಮಗುವಿನ ಸುರಕ್ಷತೆಯ ಮೊದಲ ಮೆಟ್ಟಿಲು.

ಶಾಲೆಯ ಸಿದ್ಧತೆ, ಪೋಷಕರ ಪ್ರಶ್ನೆ

ಶಾಲೆ ಮೊದಲು ಬರೆದಿಟ್ಟುಕೊಳ್ಳಬೇಕಾದದ್ದು ಉದ್ದೇಶ. ‘ಮಕ್ಕಳಿಗೆ ಖುಷಿಯಾಗಲಿ’ ಎಂಬುದು ಉದ್ದೇಶವಲ್ಲ. ‘ಮೂರನೆಯ ತರಗತಿಯ ಈ ಆರು ಮಕ್ಕಳು ಗಟ್ಟಿಯಾಗಿ ಓದಲು ಹಿಂಜರಿಯುತ್ತಾರೆ, ಹತ್ತು ವಾರದಲ್ಲಿ ಅವರು ಎಷ್ಟು ಹೊತ್ತು, ಎಷ್ಟು ಪುಟ ಓದುತ್ತಾರೆಂದು ನೋಡೋಣ’ ಎಂಬುದು ಉದ್ದೇಶ. ಆರಂಭಕ್ಕೆ ಮುನ್ನ ಒಮ್ಮೆ, ಕೊನೆಯಲ್ಲಿ ಒಮ್ಮೆ ಅಳೆದರೆ ಹೊಸತನದ ಹುರುಪು ಯಾವುದು, ನಿಜವಾದ ಫಲ ಯಾವುದು ಎಂಬುದು ತಿಳಿಯುತ್ತದೆ. ನಾಯಿಗೆ ವರ್ಷ ವರ್ಷದ ರೇಬಿಸ್ ಲಸಿಕೆ, ಜಂತುಹುಳುವಿನ ಔಷಧಿ, ಉಣ್ಣಿ-ಚಿಗಟಗಳ ತಡೆ, ಪಶುವೈದ್ಯರ ಇತ್ತೀಚಿನ ಪ್ರಮಾಣಪತ್ರ ಇರಬೇಕು. ಅವುಗಳ ಪ್ರತಿ ಶಾಲೆಯ ಕಡತದಲ್ಲಿರಬೇಕು. ಭೇಟಿಯ ಕೋಣೆ ಊಟದ ಜಾಗದಿಂದ ದೂರವಿರಲಿ, ಅದಕ್ಕೆ ಎರಡು ಬಾಗಿಲಿದ್ದರೆ ಒಳ್ಳೆಯದು, ನಾಯಿಗೆ ಯಾರೂ ಮುಟ್ಟದ ಒಂದು ಹಾಸಿಗೆ, ನೀರಿನ ಬಟ್ಟಲು ಇರಲಿ. ಒಮ್ಮೆಗೆ ಒಂದು ಮಗು, ಹೆಚ್ಚೆಂದರೆ ಎರಡು. ಪ್ರತಿ ಸಲವೂ ಹ್ಯಾಂಡ್ಲರ್ ಜೊತೆ ಶಾಲೆಯವರೊಬ್ಬರು ಇರಲೇಬೇಕು. ನಾಯಿಯನ್ನು ನೋಡುವ ಕಣ್ಣು ಬೇರೆ, ಮಗುವನ್ನು ನೋಡುವ ಕಣ್ಣು ಬೇರೆ. ಹೊರಗಿನಿಂದ ಬರುವ ವ್ಯಕ್ತಿಯ ಹಿನ್ನೆಲೆಯನ್ನು ಮಕ್ಕಳ ರಕ್ಷಣೆಯ ನಿಯಮದಂತೆ ಪರಿಶೀಲಿಸಬೇಕು. ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ ಮಕ್ಕಳು ಸೋಪಿನಿಂದ ಕೈ ತೊಳೆಯಬೇಕು. ಪುಸ್ತಕ ಮಗುವಿನ ಆಯ್ಕೆಯದ್ದಾಗಿರಲಿ. ಕನ್ನಡವೋ ಇಂಗ್ಲಿಷೋ ಎಂಬುದು ನಾಯಿಗೆ ಲೆಕ್ಕವಿಲ್ಲ. ಪರದೇಶದ ಶಾಲೆಯಲ್ಲಿ ಓದುವ ಕನ್ನಡದ ಮಗು ಮನೆಯಿಂದ ಕನ್ನಡ ಕತೆಪುಸ್ತಕ ಒಯ್ದು ಓದಿದರೂ ಈ ಕೇಳುಗ ಬೇಡವೆನ್ನುವುದಿಲ್ಲ.

ಪೋಷಕರು ಸಹಿ ಹಾಕುವ ಮೊದಲು ಕೆಲವು ಪ್ರಶ್ನೆ ಕೇಳಲಿ. ನಾಯಿಯನ್ನು, ಒಡೆಯನನ್ನು ಪರೀಕ್ಷಿಸಿದವರು ಯಾರು, ಯಾವಾಗ? ಲಸಿಕೆಯ ಕಾಗದ ತೋರಿಸುತ್ತೀರಾ? ಒಂದು ಸಲಕ್ಕೆ ಎಷ್ಟು ಮಕ್ಕಳು, ಎಷ್ಟು ಹೊತ್ತು? ಕೋಣೆಯಲ್ಲಿ ಇನ್ಯಾರಿರುತ್ತಾರೆ? ಮಗು ನಡುವೆ ‘ಸಾಕು’ ಎಂದರೆ ಏನು ಮಾಡುತ್ತೀರಿ? ಅಚಾತುರ್ಯವಾದರೆ ಹೊಣೆ, ವಿಮೆ ಯಾರದು? ಎಲ್ಲಕ್ಕಿಂತ ಮುಖ್ಯ, ಇದರಿಂದ ನನ್ನ ಮಗುವಿಗೆ ಏನಾಗಬೇಕೆಂದು ಎಣಿಸಿದ್ದೀರಿ? ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ಶಾಲೆಯಲ್ಲಿ ನಾಯಿ ಬರುವುದು ಫೋಟೊಗಾಗಿ ಎಂದು ತಿಳಿದುಕೊಳ್ಳಿ. ಮನೆಯಲ್ಲೂ ಮಗುವನ್ನು ಕೇಳಿ. ಅದು ಹೂಂ ಎನ್ನದೆ ನೀವು ಹಾಕಿದ ಸಹಿಗೆ ಬೆಲೆಯಿಲ್ಲ.

ಈ ಎಲ್ಲ ಷರತ್ತುಗಳನ್ನು ಪೂರೈಸುವ ಶಾಲೆಗಳು ಸದ್ಯಕ್ಕೆ ಕಡಿಮೆ, ಕರ್ನಾಟಕದಲ್ಲಿ ಇನ್ನೂ ಕಡಿಮೆ. ಷರತ್ತು ಪೂರೈಸದೆ ತರುವುದಕ್ಕಿಂತ ತರದಿರುವುದೇ ಲೇಸು. ಆದರೆ ನಾಯಿ ಬರುವವರೆಗೆ ಮಗು ಕಾಯಬೇಕಿಲ್ಲ. ಅಡ್ಡ ಮಾತಾಡದ, ನಗದ, ತಿದ್ದದ ಕಿವಿಯೊಂದು ಪಕ್ಕದಲ್ಲಿದ್ದರೆ ಮಗು ಹೆಚ್ಚು ಹೊತ್ತು ಓದುತ್ತದೆ ಎಂಬುದೇ ಇಷ್ಟೂ ಪ್ರಯೋಗಗಳ ತಿರುಳಾದರೆ, ಅದರ ಒಂದು ಪಾಲನ್ನಾದರೂ ಮನೆಯಲ್ಲೇ ಕೊಡಬಹುದು. ಇವತ್ತು ರಾತ್ರಿ ಮಗು ಪುಸ್ತಕ ತೆರೆದಾಗ ಫೋನ್ ಬದಿಗಿಟ್ಟು, ಒಂದು ತಪ್ಪನ್ನೂ ತಿದ್ದದೆ, ಹತ್ತು ನಿಮಿಷ ಪೂರ್ತಿ ಕೇಳಿ.